ನೇರವಾದ ರ‍್ಯಾಂಪ್, ರೀಸೆಟ್ ಆಗುವ ಪೆಟ್ಟಿಗೆ: ತುಮಕೂರಿನ ಒಂದು ಸ್ವಿಚಿಂಗ್ ರೆಗ್ಯುಲೇಟರ್ ಪ್ರಕರಣ

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಸಣ್ಣ ಘಟಕ ವಾಹನಗಳ ಜಿಪಿಎಸ್ ಪೆಟ್ಟಿಗೆಗಳಿಗೆ ಪವರ್ ಸಪ್ಲೈ ಬೋರ್ಡು ತಯಾರಿಸುತ್ತದೆ. ಬೋರ್ಡು ಕೂರುವುದು ಟ್ರ್ಯಾಕ್ಟರಿನಲ್ಲಾದರೆ ಬ್ಯಾಟರಿ 12 ವೋಲ್ಟಿನದು, ಲಾರಿಯಲ್ಲಾದರೆ 24 ವೋಲ್ಟಿನದು. ಎರಡರಲ್ಲೂ ಹೊರಗೆ ಬರಬೇಕಾದದ್ದು ಕದಲದ 5 ವೋಲ್ಟ್. ಸ್ಟಾರ್ಟರ್ ತಿರುಗುವಾಗ ಟ್ರ್ಯಾಕ್ಟರಿನ ಬ್ಯಾಟರಿ ಕುಸಿಯುತ್ತದೆ, ಲಾರಿಯ ಆಲ್ಟರ್ನೇಟರ್ ಓಡುವಾಗ 28 ವೋಲ್ಟ್ ದಾಟುತ್ತದೆ. ಆದ್ದರಿಂದ 8ರಿಂದ 32 ವೋಲ್ಟಿನವರೆಗೆ ಯಾವ ಇನ್‌ಪುಟ್ ಬಂದರೂ ಬೋರ್ಡು ತಡೆದುಕೊಳ್ಳಬೇಕು ಎಂಬುದು ಅವರು ತಮಗೆ ತಾವೇ ಹಾಕಿಕೊಂಡ ಷರತ್ತು.

2021ರಲ್ಲಿ ಜಗತ್ತಿನಾದ್ಯಂತ ಚಿಪ್ ಕೊರತೆ ಉಂಟಾದಾಗ ಇವರು ನೆಚ್ಚಿಕೊಂಡಿದ್ದ ಕಂಟ್ರೋಲರ್ ಐಸಿ (ರೆಗ್ಯುಲೇಟರಿನ ಸ್ವಿಚ್ಚನ್ನು ನಡೆಸುವ ಚಿಪ್) ಸಿಗದಂತಾಯಿತು. ಕಾಯುತ್ತ ಕೂರುವ ಬದಲು ಎರಡು ವೋಲ್ಟೇಜುಗಳನ್ನು ಹೋಲಿಸುವ ಒಂದು ವೇಗದ ಕಂಪ್ಯಾರೇಟರ್, ಅವುಗಳ ವ್ಯತ್ಯಾಸವನ್ನು ಹಿಗ್ಗಿಸುವ ಒಂದು ಆಪ್-ಆಂಪ್, ಕೆಲವು ಲಾಜಿಕ್ ಗೇಟ್‌ಗಳನ್ನು ಸೇರಿಸಿ ಕಂಟ್ರೋಲರ್ ಅನ್ನು ತಾವೇ ಕಟ್ಟಿಕೊಂಡರು. ಸ್ವಿಚಿಂಗ್ ಆವರ್ತನ 1 ಮೆಗಾಹರ್ಟ್ಸ್, ಅಂದರೆ ಸ್ವಿಚ್ ಸೆಕೆಂಡಿಗೆ ಹತ್ತು ಲಕ್ಷ ಸಲ ಆನ್ ಆಗಿ ಆಫ್ ಆಗುತ್ತದೆ. ಅಂಥ ಪ್ರತಿ ಅವಧಿಯಲ್ಲೂ ಸೊನ್ನೆಯಿಂದ ಏರಿ ಮತ್ತೆ ಸೊನ್ನೆಗೆ ಬೀಳುವ ವೋಲ್ಟೇಜೇ ರ‍್ಯಾಂಪ್. ಐಸಿಯೊಳಗೆ ಯಾರ ಕಣ್ಣಿಗೂ ಬೀಳದೆ ಕೆಲಸ ಮಾಡಿಕೊಂಡಿದ್ದ ರ‍್ಯಾಂಪ್ ಸರ್ಕ್ಯೂಟನ್ನು ಈಗ ಬೋರ್ಡಿನ ಮೇಲೆ ಬಿಡಿ ಭಾಗಗಳಿಂದ ಮಾಡಬೇಕಾಯಿತು. ಈ ಪ್ರಕರಣ ಆ ರ‍್ಯಾಂಪಿನದು.

ಮೊದಲ ಆವೃತ್ತಿಯ ಬೋರ್ಡು ಒಂದು ವರ್ಷ ಹೆಚ್ಚಿನ ದೂರಿಲ್ಲದೆ ಹೋಯಿತು. ಆಮೇಲೆ ಘಟಕದ ಯುವ ಎಂಜಿನಿಯರ್ ಒಬ್ಬರು ರ‍್ಯಾಂಪನ್ನು ಸುಧಾರಿಸಿದರು. ಆಸಿಲೋಸ್ಕೋಪಿನ ಪರದೆಯಲ್ಲಿ ಅದು ಅಡಿಪಟ್ಟಿ ಇಟ್ಟು ಎಳೆದ ಗೆರೆಯಂತೆ ಕಾಣುತ್ತಿತ್ತು. ಈ ಎರಡನೆಯ ಆವೃತ್ತಿ ಮಾರುಕಟ್ಟೆಗೆ ಹೋದ ಮೇಲೆ ಲಾರಿ ಮಾಲೀಕರಿಂದ ದೂರು ಬರತೊಡಗಿತು: ಗಾಡಿ ಓಡುವಾಗ ಪೆಟ್ಟಿಗೆ ತಾನಾಗಿ ರೀಸೆಟ್ ಆಗುತ್ತದೆ, ಎಂಜಿನ್ ಆರಿಸಿದರೆ ಸರಿಯಾಗಿಯೇ ಇರುತ್ತದೆ. ಟ್ರ್ಯಾಕ್ಟರುಗಳಿಂದ ಒಂದು ದೂರೂ ಇಲ್ಲ. ನನ್ನನ್ನು ಕರೆಸಿದಾಗ ಮಾಲೀಕರು ಕೇಳಿದ ಮೊದಲ ಪ್ರಶ್ನೆ, "ಹಳೆಯದೇ ಚೆನ್ನಾಗಿತ್ತಲ್ಲ ಸರ್, ನೇರ ಮಾಡಿದ್ದೇ ತಪ್ಪಾಯಿತೇ?" ಆ ಎಂಜಿನಿಯರ್ ಪಕ್ಕದಲ್ಲೇ ನಿಂತಿದ್ದರು. ಮಾಲೀಕರ ಪ್ರಶ್ನೆ ಸರಿಯಾದದ್ದೇ ಆಗಿತ್ತು. ಅದಕ್ಕೆ ಅಷ್ಟೇ ಸರಿಯಾದ ಉತ್ತರ ಸಿಗಬೇಕಾದದ್ದು ಆ ಹೆಣ್ಣುಮಗಳಿಗೂ ಮುಖ್ಯವಾಗಿತ್ತು.

ರ‍್ಯಾಂಪಿನಲ್ಲಿ ಲೂಪಿಗೆ ಕಾಣುವುದು ಯಾವುದು

ಬಕ್ ರೆಗ್ಯುಲೇಟರಿನಲ್ಲಿ, ಅಂದರೆ ವೋಲ್ಟೇಜನ್ನು ಇಳಿಸಿ ಕೊಡುವ ಈ ಬಗೆಯ ರೆಗ್ಯುಲೇಟರಿನಲ್ಲಿ, ಸ್ವಿಚ್ ಒಂದು ಅವಧಿಯ ಎಷ್ಟು ಪಾಲು ಆನ್ ಇರುತ್ತದೆಯೋ ಅದು ಡ್ಯೂಟಿ. ನಷ್ಟಗಳನ್ನು ಬದಿಗಿಟ್ಟರೆ, ಔಟ್‌ಪುಟ್ ವೋಲ್ಟೇಜನ್ನು ಇನ್‌ಪುಟ್ ವೋಲ್ಟೇಜಿನಿಂದ ಭಾಗಿಸಿದರೆ ಡ್ಯೂಟಿ ಸಿಗುತ್ತದೆ. 8 ವೋಲ್ಟಿಗೆ 0.625, 12ಕ್ಕೆ 0.417, 28ಕ್ಕೆ 0.179, 32ಕ್ಕೆ 0.156. ಅವಧಿ 1 ಮೈಕ್ರೊಸೆಕೆಂಡ್ ಆದ್ದರಿಂದ 28 ವೋಲ್ಟಿನಲ್ಲಿ ಸ್ವಿಚ್ ಆನ್ ಇರಬೇಕಾದದ್ದು ಬರೀ 179 ನ್ಯಾನೊಸೆಕೆಂಡ್. ಈ ಸಂಖ್ಯೆ ಮುಂದೆ ಮತ್ತೆ ಬರುತ್ತದೆ.

ಈ ಡ್ಯೂಟಿಯನ್ನು ತೀರ್ಮಾನಿಸುವುದು ಕಂಪ್ಯಾರೇಟರ್. ಅದರ ಒಂದು ಕಾಲಿಗೆ ರ‍್ಯಾಂಪ್, ಇನ್ನೊಂದಕ್ಕೆ ಎರರ್ ಆಂಪ್ಲಿಫೈಯರ್ ಕೊಡುವ ನಿಯಂತ್ರಣ ವೋಲ್ಟೇಜ್. ಔಟ್‌ಪುಟ್ 5 ವೋಲ್ಟಿನಿಂದ ಎಷ್ಟು ಸರಿದಿದೆ ಎಂದು ನೋಡಿ ಈ ವೋಲ್ಟೇಜನ್ನು ಏರಿಳಿಸುವುದು ಆ ಆಂಪ್ಲಿಫೈಯರಿನ ಕೆಲಸ; ಔಟ್‌ಪುಟ್ಟಿನಿಂದ ಹಿಂದಿರುಗಿ ಸ್ವಿಚ್ಚಿಗೆ ಬರುವ ಈ ಸುತ್ತೇ ಲೂಪ್. ಗಡಿಯಾರದ ಪಲ್ಸ್ ಬಂದಾಗ ಸ್ವಿಚ್ ಆನ್. ಏರುತ್ತಿರುವ ರ‍್ಯಾಂಪ್ ನಿಯಂತ್ರಣ ವೋಲ್ಟೇಜನ್ನು ಮುಟ್ಟಿದೊಡನೆ ಆಫ್. ನಿಯಂತ್ರಣ ವೋಲ್ಟೇಜ್ ಸ್ವಲ್ಪ ಮೇಲೆ ಸರಿದರೆ ಆಫ್ ಆಗುವ ಗಳಿಗೆ ಎಷ್ಟು ಮುಂದೆ ಹೋಗುತ್ತದೆ ಎಂಬುದು ರ‍್ಯಾಂಪ್ ಆ ಬಿಂದುವಿನಲ್ಲಿ ಎಷ್ಟು ಕಡಿದಾಗಿದೆ ಎಂಬುದನ್ನು ಮಾತ್ರ ಅವಲಂಬಿಸಿದೆ. ತುಮಕೂರಿನ ಅಮಾನಿಕೆರೆಯ ಅಂಚನ್ನು ನೋಡಿದವರಿಗೆ ಇದು ಗೊತ್ತು. ಕಲ್ಲು ಕಟ್ಟಿದ ಏರಿಯ ಬದಿಯಲ್ಲಿ ನೀರು ಒಂದು ಗೇಣು ಏರಿದರೂ ನೀರಿನ ಅಂಚು ಇದ್ದಲ್ಲೇ ಇರುತ್ತದೆ. ಎದುರಿನ ತಗ್ಗು ದಡದಲ್ಲಿ ಅಷ್ಟೇ ನೀರಿಗೆ ಅಂಚು ಮಾರುಗಟ್ಟಲೆ ಸರಿಯುತ್ತದೆ. ರ‍್ಯಾಂಪ್ ಕಡಿದಾಗಿದ್ದರೆ ಮಾಡ್ಯುಲೇಟರಿನ, ಅಂದರೆ ರ‍್ಯಾಂಪ್ ಮತ್ತು ಕಂಪ್ಯಾರೇಟರ್ ಜೋಡಿಯ, ಗೇನ್ (ನಿಯಂತ್ರಣ ವೋಲ್ಟೇಜ್ ಸರಿದಾಗ ಡ್ಯೂಟಿ ಸರಿಯುವ ಪ್ರಮಾಣ) ಕಡಿಮೆ, ತಗ್ಗಾಗಿದ್ದರೆ ಹೆಚ್ಚು. ಲೆಕ್ಕದಲ್ಲಿ ಹೇಳುವುದಾದರೆ, ಒಂದನ್ನು ಅವಧಿ ಮತ್ತು ಆ ಬಿಂದುವಿನ ಏರುವ ವೇಗದ ಗುಣಲಬ್ಧದಿಂದ ಭಾಗಿಸಿದರೆ ಬರುವುದೇ ಮಾಡ್ಯುಲೇಟರಿನ ಗೇನ್.

ಬಕ್ ರೆಗ್ಯುಲೇಟರಿನಲ್ಲಿ ಇದಕ್ಕೆ ಇನ್‌ಪುಟ್ ವೋಲ್ಟೇಜೂ ಸೇರಿ ಗುಣಿಸುತ್ತದೆ. ಡ್ಯೂಟಿ ಶೇಕಡಾ ಒಂದರಷ್ಟು ಬದಲಾದರೆ 12 ವೋಲ್ಟಿನಲ್ಲಿ ಔಟ್‌ಪುಟ್ 0.12 ವೋಲ್ಟ್ ಸರಿಯುತ್ತದೆ, 28ರಲ್ಲಿ 0.28 ವೋಲ್ಟ್. ಅಂದರೆ ಲೂಪಿನ ಗೇನ್ ಎಂಬುದು ಇನ್‌ಪುಟ್ ವೋಲ್ಟೇಜ್ ಮತ್ತು ಮಾಡ್ಯುಲೇಟರ್ ಗೇನ್ ಇವೆರಡರ ಗುಣಲಬ್ಧದ ಜೊತೆಗೆ ಏರಿಳಿಯುತ್ತದೆ. ಪಠ್ಯಪುಸ್ತಕಗಳಲ್ಲಿ ಇನ್‌ಪುಟ್ ಒಂದೇ ಸಂಖ್ಯೆ ಇರುತ್ತದೆ, ರ‍್ಯಾಂಪ್ ನೇರ ಗೆರೆ ಇರುತ್ತದೆ. ಹೀಗಾಗಿ ಈ ಗುಣಲಬ್ಧದ ಕಡೆಗೆ ವಿದ್ಯಾರ್ಥಿಗಳ ಗಮನ ಹೋಗುವುದೇ ಇಲ್ಲ. ವಾಹನದ ಬೋರ್ಡಿನಲ್ಲಿ ಇನ್‌ಪುಟ್ ನಾಲ್ಕು ಪಟ್ಟು ಬದಲಾಗುತ್ತದೆ. ಅಲ್ಲಿ ಮೊದಲು ನೋಡಬೇಕಾದದ್ದೇ ಇದು.

ಎರಡು ಆವೃತ್ತಿಗಳು

ಮೊದಲ ಆವೃತ್ತಿ ತೀರಾ ಸರಳ. 5 ವೋಲ್ಟಿನಿಂದ 3.3 ಕಿಲೋಓಮ್ ರೆಸಿಸ್ಟರ್ ಮೂಲಕ 330 ಪಿಕೊಫ್ಯಾರಡ್ ಕೆಪಾಸಿಟರ್ ಚಾರ್ಜ್ ಆಗುತ್ತದೆ. ಅವಧಿಯ ಕೊನೆಗೆ ಅದು ಸುಮಾರು 3 ವೋಲ್ಟ್ ಮುಟ್ಟುತ್ತದೆ. ಕೆಪಾಸಿಟರನ್ನು ಮತ್ತೆ ಸೊನ್ನೆಗೆ ಇಳಿಸಲು 74ಎಚ್‌ಸಿ125 ಬಫರಿನಲ್ಲಿ ಖಾಲಿ ಉಳಿದಿದ್ದ ಒಂದು ಗೇಟ್. ರ‍್ಯಾಂಪ್ ನೇರವಲ್ಲ, ಬಾಗಿದ ಎಕ್ಸ್‌ಪೊನೆನ್ಶಿಯಲ್. ಶುರುವಿನಲ್ಲಿ ಇರುವ ಏರುವ ವೇಗ ತುದಿ ತಲುಪುವಷ್ಟರಲ್ಲಿ ಐದನೇ ಎರಡು ಭಾಗಕ್ಕೆ ಇಳಿದಿರುತ್ತದೆ. ಅಂದರೆ ಮಾಡ್ಯುಲೇಟರ್ ಗೇನ್ ಬುಡಕ್ಕಿಂತ ತುದಿಯಲ್ಲಿ ಎರಡೂವರೆ ಪಟ್ಟು, 8 ಡೆಸಿಬೆಲ್ ಹೆಚ್ಚು.

ಇದನ್ನು ಕಂಡ ಯಾವ ಎಂಜಿನಿಯರಿಗಾದರೂ ಸರಿಪಡಿಸಬೇಕು ಅನ್ನಿಸುತ್ತದೆ. ಘಟಕದ ಎಂಜಿನಿಯರ್ ರೆಸಿಸ್ಟರಿನ ಜಾಗದಲ್ಲಿ ಒಂದು ಪಿಎನ್‌ಪಿ ಟ್ರಾನ್ಸಿಸ್ಟರಿನ ಸ್ಥಿರ ಕರೆಂಟ್ ಮೂಲ ಹಾಕಿದರು. ಅದರ ಬೇಸಿಗೆ ಆಧಾರವಾಗಿ ಕೆಂಪು ಎಲ್‌ಇಡಿ, ಎಮಿಟರಿಗೆ 1.2 ಕಿಲೋಓಮ್. ಎಲ್‌ಇಡಿಯ ಸುಮಾರು 1.8 ವೋಲ್ಟಿನಲ್ಲಿ ಟ್ರಾನ್ಸಿಸ್ಟರಿನ 0.65 ವೋಲ್ಟ್ ಕಳೆದರೆ ಉಳಿಯುವುದು 1.15 ವೋಲ್ಟ್; ಕರೆಂಟ್ ಹತ್ತಿರ ಹತ್ತಿರ 1 ಮಿಲಿಆಂಪಿಯರ್. ಈ ಆಯ್ಕೆ ಜಾಣತನದ್ದು ಎಂದು ನಾನು ಒತ್ತಿ ಹೇಳುತ್ತೇನೆ. ಎರಡು ಸಾಮಾನ್ಯ ಡಯೋಡುಗಳನ್ನು ಹಾಕಿದ್ದರೆ ಅವುಗಳಲ್ಲಿ ಒಂದು ಟ್ರಾನ್ಸಿಸ್ಟರಿನ ಬದಲಾವಣೆಯನ್ನು ಸರಿದೂಗಿಸುತ್ತಿತ್ತು, ಇನ್ನೊಂದರ ವೋಲ್ಟೇಜ್ ಪ್ರತಿ ಡಿಗ್ರಿಗೆ 2 ಮಿಲಿವೋಲ್ಟ್ ಇಳಿಯುತ್ತ ಕರೆಂಟನ್ನೂ ಇಳಿಸುತ್ತಿತ್ತು. 40 ಡಿಗ್ರಿ ಏರಿಕೆಗೆ ಅದು ಶೇಕಡಾ 12ರಷ್ಟಾಗುತ್ತದೆ. ಶಿರಾ ಕಡೆಯ ಬಿಸಿಲಿನಲ್ಲಿ ನಿಂತ ಲಾರಿಯ ಡ್ಯಾಶ್‌ಬೋರ್ಡಿನೊಳಗೆ 40 ಡಿಗ್ರಿ ಏರಿಕೆ ದೊಡ್ಡ ಮಾತಲ್ಲ. ಎಲ್‌ಇಡಿ ಮತ್ತು ಟ್ರಾನ್ಸಿಸ್ಟರ್ ಎರಡೂ ಹೆಚ್ಚುಕಡಿಮೆ ಒಂದೇ ದರದಲ್ಲಿ ಇಳಿಯುವುದರಿಂದ ಅವುಗಳ ವ್ಯತ್ಯಾಸ ನಿಲ್ಲುತ್ತದೆ. ಕೆಪಾಸಿಟರನ್ನೂ ಅವರು ತಾಪಕ್ಕೆ ಕದಲದ ಎನ್‌ಪಿ0 ದರ್ಜೆಯದಕ್ಕೆ ಬದಲಾಯಿಸಿದ್ದರು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಬಿಡಿ ಪೊಟ್ಟಣಗಳಲ್ಲಿ ಯಾವ ದರ್ಜೆಯದು ಸಿಗುತ್ತದೆಂದು ನಂಬುವಂತಿಲ್ಲ ಎಂಬುದು ಅವರ ಕಾರಣ.

ಇಷ್ಟರ ಜೊತೆಗೆ ಇನ್ನೊಂದು ಸಣ್ಣ ಬದಲಾವಣೆಯೂ ಆಗಿತ್ತು. ಬಫರಿನ ಆ ಖಾಲಿ ಗೇಟ್ ಬೇರೆ ಕೆಲಸಕ್ಕೆ ಬೇಕಾದ್ದರಿಂದ ಕೆಪಾಸಿಟರನ್ನು ಸೊನ್ನೆಗೆ ಇಳಿಸುವ ಕೆಲಸ ಒಂದು ಬಿ.ಸಿ.547 ಟ್ರಾನ್ಸಿಸ್ಟರಿನ ಪಾಲಾಯಿತು. ಅದರ ಬಗ್ಗೆ ಯಾರೂ ಎರಡನೆಯ ಸಲ ಯೋಚಿಸಿರಲಿಲ್ಲ.

ಬೆಂಚಿನ ಮೇಲೆ

ದೂರಿನಲ್ಲೇ ದಾರಿ ಇತ್ತು. ಎಂಜಿನ್ ಆರಿದಾಗ ಬ್ಯಾಟರಿ 24.5 ವೋಲ್ಟಿನ ಆಸುಪಾಸು, ಓಡುವಾಗ 28. ಈ ಮೂರೂವರೆ ವೋಲ್ಟಿನೊಳಗೆ ಏನೋ ಕೆಡುತ್ತಿದೆ. ಇನ್ನೊಂದು ಸುಳಿವು ಪೆಟ್ಟಿಗೆಯೊಳಗಿನ 2ಜಿ ಮೋಡೆಮ್. ಜಿಎಸ್‌ಎಂ ಮೋಡೆಮ್ ಕರೆಂಟನ್ನು ಸಮನಾಗಿ ಎಳೆಯುವುದಿಲ್ಲ, ಪ್ರತಿ 4.615 ಮಿಲಿಸೆಕೆಂಡಿಗೊಮ್ಮೆ 577 ಮೈಕ್ರೊಸೆಕೆಂಡ್ ಕಾಲ ದಿಢೀರನೆ 2 ಆಂಪಿಯರಿನ ಹತ್ತಿರ ಎಳೆದು ಬಿಡುತ್ತದೆ. ಪವರ್ ಸಪ್ಲೈಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಕಿಲ್ಲ.

ಘಟಕದಲ್ಲಿ ನೆಟ್‌ವರ್ಕ್ ಅನಲೈಸರ್ ಇಲ್ಲ. ಇರುವುದು 100 ಮೆಗಾಹರ್ಟ್ಸಿನ ಒಂದು ಆಸಿಲೋಸ್ಕೋಪ್. ಒಂದು ಮಾಸ್‌ಫೆಟ್ ಮತ್ತು 5 ಓಮಿನ ರೆಸಿಸ್ಟರ್ ಸೇರಿಸಿ, 1 ಆಂಪಿಯರ್ ಲೋಡನ್ನು ಮೋಡೆಮಿನ ಲಯದಲ್ಲೇ ಹಾಕಿ ತೆಗೆಯುವ ಪುಟ್ಟ ಸರ್ಕ್ಯೂಟ್ ಕಟ್ಟಿದೆವು. ಲೋಡ್ ಬಿದ್ದಾಗ ಔಟ್‌ಪುಟ್ ಹೇಗೆ ತೂಗಾಡುತ್ತದೆ ಎಂಬುದನ್ನು ನೋಡಿದರೆ ಲೂಪಿನ ಆರೋಗ್ಯ ಸಾಕಷ್ಟು ತಿಳಿಯುತ್ತದೆ.

ಇಲ್ಲಿ ಪ್ರೋಬಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಘಟಕದಲ್ಲಿ ರ‍್ಯಾಂಪನ್ನು ×1 ಪ್ರೋಬಿನಲ್ಲಿ ನೋಡುವ ರೂಢಿ ಇತ್ತು. ×1ರಲ್ಲಿ ಪ್ರೋಬ್ ಮತ್ತು ಅದರ ತಂತಿ ಸೇರಿ ಸುಮಾರು 100 ಪಿಕೊಫ್ಯಾರಡ್ ಹೊರೆ. 330 ಪಿಕೊಫ್ಯಾರಡಿನ ಮೇಲೆ ಅದು ಬಂದು ಕೂತರೆ ರ‍್ಯಾಂಪಿನ ಏರುವ ವೇಗ ಕಾಲು ಭಾಗದಷ್ಟು ಕುಸಿಯುತ್ತದೆ. ನೋಡುವ ಗಳಿಗೆಯಲ್ಲಿ ಇರುವ ರ‍್ಯಾಂಪೇ ಬೇರೆ, ಪ್ರೋಬ್ ತೆಗೆದ ಮೇಲೆ ಇರುವುದೇ ಬೇರೆ. ×10ಕ್ಕೆ ಬದಲಾಯಿಸಿ, ಮೊಸಳೆ ಕ್ಲಿಪ್ಪಿನ ಉದ್ದ ತಂತಿ ಕಿತ್ತು, ಪ್ರೋಬಿನ ಮೂತಿಗೆ ಸುತ್ತಿದ ಚಿಕ್ಕ ಸ್ಪ್ರಿಂಗನ್ನೇ ಕೆಪಾಸಿಟರಿನ ಗ್ರೌಂಡ್ ತುದಿಗೆ ಒತ್ತಿದೆವು. ಅಷ್ಟು ಹೊತ್ತೂ ರ‍್ಯಾಂಪನ್ನು ಸೊನ್ನೆಗೆ ಇಳಿಸುವ ರೀಸೆಟ್ ಸಮಯದಲ್ಲಿ ಕಾಣುತ್ತಿದ್ದ ಕೂದಲಿನಂಥ ಸ್ಪಂದನಗಳು ಮಾಯವಾದವು. ಅವು ಸರ್ಕ್ಯೂಟಿನವಲ್ಲ, ಆ ತಂತಿಯವು.

28 ವೋಲ್ಟಿಗೆ ಏರಿಸಿ ಲೋಡ್ ಹಾಕಿದಾಗ ಹೊಸ ಬೋರ್ಡು ಎರಡು ಬಗೆಯಲ್ಲಿ ಕೆಟ್ಟು ನಡೆದುಕೊಂಡಿತು. ಪ್ರತಿ ಲೋಡಿನ ನಂತರ ಔಟ್‌ಪುಟ್ ಬಹಳ ಹೊತ್ತು ತೂಗಾಡಿತು. ಅದರ ಮೇಲೆ, ಸ್ವಿಚ್ಚಿನ ಪಲ್ಸುಗಳು ಒಂದೇ ಅಗಲ ಇರದೆ ನಡುನಡುವೆ ಒಂದೊಂದು ಬಿಟ್ಟೇ ಹೋಗುತ್ತಿದ್ದವು. ಎರಡೂ ಒಟ್ಟಿಗೆ ಬಂದಾಗ ನೋಡುವವರಿಗೆ ಒಂದೇ ರೋಗ ಎನಿಸುತ್ತದೆ. ಘಟಕದಲ್ಲಿ ಕಾಂಪೆನ್ಸೇಶನ್ (ಲೂಪ್ ತೂಗಾಡದಂತೆ ಎರರ್ ಆಂಪ್ಲಿಫೈಯರಿಗೆ ಹಾಕುವ ರೆಸಿಸ್ಟರ್, ಕೆಪಾಸಿಟರುಗಳು) ಬದಲಾಯಿಸಿ ಬದಲಾಯಿಸಿ ಸೋತಿದ್ದರ ಕಾರಣ ಇದೇ. ತೂಗಾಟಕ್ಕೆ ಕೊಟ್ಟ ಮದ್ದು ಪಲ್ಸ್ ಬಿಡುವ ರೋಗಕ್ಕೆ ತಾಗುತ್ತಿರಲಿಲ್ಲ.

ಬೇರ್ಪಡಿಸಲು ಲೋಡನ್ನು ಸ್ಥಿರವಾಗಿಟ್ಟೆವು. ತೂಗಾಟ ನಿಂತಿತು, ಪಲ್ಸ್ ಬಿಡುವುದು ಮುಂದುವರಿಯಿತು. ಇನ್‌ಪುಟ್ಟನ್ನು 24.5ಕ್ಕೆ ಇಳಿಸಿದರೆ ಪಲ್ಸುಗಳು ಸರಿಹೋದವು. ಅಲ್ಲಿ ರ‍್ಯಾಂಪಿನ ಬುಡವನ್ನು ಹಿಗ್ಗಿಸಿ ನೋಡಿದಾಗ ಉತ್ತರ ಸಿಕ್ಕಿತು. ರೀಸೆಟ್ ಪಲ್ಸ್ 60 ನ್ಯಾನೊಸೆಕೆಂಡಿಗೆ ಮುಗಿಯುತ್ತದೆ. ರ‍್ಯಾಂಪ್ ಮಾತ್ರ ಇನ್ನೂ ನೂರು ನ್ಯಾನೊಸೆಕೆಂಡ್ ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಬಿ.ಸಿ.547 ಪೂರ್ತಿ ಸ್ಯಾಚುರೇಟ್ ಆದ, ಅಂದರೆ ಬೇಕಾದ್ದಕ್ಕಿಂತ ಹೆಚ್ಚು ಆನ್ ಆದ, ಮೇಲೆ ಬೇಸಿನಲ್ಲಿ ತುಂಬಿಕೊಂಡ ಚಾರ್ಜು ಹೊರಗೆ ಹೋಗುವವರೆಗೆ ಆಫ್ ಆಗುವುದಿಲ್ಲ. ಸಾಮಾನ್ಯ ಕೆಲಸಗಳಿಗೆ ಇಷ್ಟು ತಡ ಲೆಕ್ಕಕ್ಕೇ ಬರುವುದಿಲ್ಲ, 1 ಮೆಗಾಹರ್ಟ್ಸಿನಲ್ಲಿ ಅದು ಅವಧಿಯ ಹತ್ತನೇ ಒಂದು ಭಾಗ. ಈ ಬೋರ್ಡಿನಲ್ಲಿ ಗಡಿಯಾರದ ಅದೇ ಅಂಚು ಸ್ವಿಚ್ಚನ್ನೂ ಆನ್ ಮಾಡುತ್ತದೆ, ರೀಸೆಟ್ಟನ್ನೂ ಶುರು ಮಾಡುತ್ತದೆ. 160 ನ್ಯಾನೊಸೆಕೆಂಡ್ ರ‍್ಯಾಂಪ್ ಏಳುವುದೇ ಇಲ್ಲ. ಕಂಪ್ಯಾರೇಟರ್ ಮತ್ತು ಗೇಟ್ ಡ್ರೈವರಿನ ತಡ ಇನ್ನು ಸುಮಾರು 40. ಸ್ವಿಚ್ ಒಮ್ಮೆ ಆನ್ ಆದರೆ 200 ನ್ಯಾನೊಸೆಕೆಂಡಿಗೆ ಮೊದಲು ಆಫ್ ಆಗಲಾರದು.

24.5 ವೋಲ್ಟಿಗೆ ಬೇಕಾದದ್ದು 204 ನ್ಯಾನೊಸೆಕೆಂಡ್. 28 ವೋಲ್ಟಿಗೆ ಬೇಕಾದದ್ದು 179. ಎಂಜಿನ್ ಆರಿಸಿದರೆ ಸರಿ, ಓಡುವಾಗ ಕೆಡುತ್ತದೆ ಎಂದು ಲಾರಿಯವರು ಹೇಳಿದ್ದು ಅಕ್ಷರಶಃ ಈ ಎರಡು ಸಂಖ್ಯೆಗಳ ನಡುವಿನ ಕಥೆ. ಬೇಕಾದ್ದಕ್ಕಿಂತ ದಪ್ಪ ಪಲ್ಸ್ ಕೊಡುವ ಲೂಪ್ ಔಟ್‌ಪುಟ್ ಏರಿದ್ದನ್ನು ಕಂಡು ಮುಂದಿನ ಪಲ್ಸನ್ನು ಬಿಟ್ಟುಬಿಡುತ್ತದೆ.

ಖಾತರಿ ಮಾಡಿಕೊಳ್ಳಲು ಟ್ರಾನ್ಸಿಸ್ಟರಿನ ಬೇಸ್ ಮತ್ತು ಕಲೆಕ್ಟರ್ ನಡುವೆ ಒಂದು ಶಾಟ್ಕಿ ಡಯೋಡ್ ಬೆಸೆಯಬೇಕಿತ್ತು. ಎಚ್.ಎಂ.ಟಿ. ಕೈಗಡಿಯಾರ ಕಾರ್ಖಾನೆಯಲ್ಲಿ ದುಡಿದು ಬಂದ ಹಿರಿಯರೊಬ್ಬರು ಅಲ್ಲಿ ಬೆಸುಗೆಯ ಕೆಲಸ ನೋಡಿಕೊಳ್ಳುತ್ತಾರೆ. ಭೂತಗನ್ನಡಿಯ ಕೆಳಗೆ, ಅಕ್ಕಿಕಾಳಿಗಿಂತ ಚಿಕ್ಕ ಆ ಡಯೋಡನ್ನು ಚಿಮಟದಲ್ಲಿ ಹಿಡಿದು, ಎರಡು ಪ್ಯಾಡುಗಳ ಮೇಲೆ ಓರೆಯಾಗಿ ಕೂರಿಸಿ, ಒಂದೊಂದು ತುದಿಗೂ ಕಾಯಿಸಿದ ಮೊನೆಯನ್ನು ತಾಗಿಸಿ ತೆಗೆದರು. ಪಕ್ಕದ ಪ್ಯಾಡಿಗೆ ಒಂದು ಹನಿ ಸೀಸವೂ ಹರಿಯಲಿಲ್ಲ. ಡಯೋಡ್ ಬಿದ್ದೊಡನೆ ಟ್ರಾನ್ಸಿಸ್ಟರ್ ಸ್ಯಾಚುರೇಟ್ ಆಗುವುದು ತಪ್ಪಿತು, 28 ವೋಲ್ಟಿನಲ್ಲಿ ಪಲ್ಸುಗಳು ಸಾಲಾಗಿ ನಿಂತವು. ಲೋಡನ್ನು ಮತ್ತೆ ಬಡಿಸಿದರೆ ತೂಗಾಟ ಮೊದಲಿನಂತೆಯೇ ಇತ್ತು. ರೋಗ ಎರಡು ಎಂಬುದು ಹೀಗೆ ಖಚಿತವಾಯಿತು.

ಬಾಗಿದ ರ‍್ಯಾಂಪ್ ಮಾಡಿದ್ದ ಉಪಕಾರ

ಮಾಲೀಕರ ಪ್ರಶ್ನೆಗೆ ಉತ್ತರ ಈ ಎರಡನೆಯ ರೋಗದಲ್ಲಿದೆ. ಹಳೆಯ ಬಾಗಿದ ರ‍್ಯಾಂಪಿನಲ್ಲಿ 12 ವೋಲ್ಟಿನ ಡ್ಯೂಟಿ 0.417ಕ್ಕೆ ಮಾಡ್ಯುಲೇಟರ್ ಗೇನ್ ಪ್ರತಿ ವೋಲ್ಟಿಗೆ 0.319. 28 ವೋಲ್ಟಿನ ಡ್ಯೂಟಿಯಲ್ಲಿ, ಅಂದರೆ ರ‍್ಯಾಂಪಿನ ಕಡಿದಾದ ಬುಡದಲ್ಲಿ, ಅದು 0.257. ಇನ್‌ಪುಟ್ಟಿನಿಂದ ಗುಣಿಸಿದರೆ 3.83 ಮತ್ತು 7.19. ಎರಡರ ಅನುಪಾತ 1.88. ಹೊಸ ನೇರ ರ‍್ಯಾಂಪಿನಲ್ಲಿ ಗೇನ್ ಎಲ್ಲೆಡೆ 0.333, ಗುಣಲಬ್ಧ 4 ಮತ್ತು 9.33, ಅನುಪಾತ 2.33.

ಇನ್‌ಪುಟ್ ಹೆಚ್ಚಿದಂತೆ ಬಕ್ ರೆಗ್ಯುಲೇಟರಿನ ಗೇನ್ ಏರುತ್ತದೆ, ಆಗಲೇ ಡ್ಯೂಟಿ ಇಳಿದು ಕೆಲಸದ ಬಿಂದು ರ‍್ಯಾಂಪಿನ ಬುಡಕ್ಕೆ ಬರುತ್ತದೆ. ಎಕ್ಸ್‌ಪೊನೆನ್ಶಿಯಲ್ ರ‍್ಯಾಂಪ್ ಬುಡದಲ್ಲೇ ಕಡಿದು. ಹಾಗಾಗಿ ಅದರ ಬಾಗು ಯಾರೂ ಕೇಳದೆಯೇ ಆ ಏರಿಕೆಯನ್ನು ಸ್ವಲ್ಪ ಮಟ್ಟಿಗೆ ತಗ್ಗಿಸುತ್ತಿತ್ತು. ಎಂಜಿನಿಯರ್ ಆ ಬಾಗನ್ನು ನೇರ ಮಾಡಿದಾಗ ಆ ಉಪಕಾರವೂ ಹೋಯಿತು. ಅವರ ಕಾಂಪೆನ್ಸೇಶನ್ 12 ವೋಲ್ಟಿನಲ್ಲಿ ಕ್ರಾಸ್‌ಓವರ್ (ಲೂಪಿನ ಗೇನ್ ಒಂದಕ್ಕೆ ಇಳಿಯುವ ಆವರ್ತನ) ಸುಮಾರು 80 ಕಿಲೋಹರ್ಟ್ಸ್ ಬರುವಂತೆ ಇತ್ತು. 28 ವೋಲ್ಟಿನಲ್ಲಿ ಹಳೆಯ ಬೋರ್ಡಿಗೆ ಅದು 150ರ ಸುತ್ತ ಹೋಗುತ್ತಿತ್ತು, ಹೊಸದಕ್ಕೆ 195ರ ಸುತ್ತ. ಅದು ಸ್ವಿಚಿಂಗ್ ಆವರ್ತನದ ಐದನೇ ಒಂದು ಭಾಗ. ಅಲ್ಲಿ ಆಪ್-ಆಂಪಿನ ಸುಸ್ತು, ಕಂಪ್ಯಾರೇಟರಿನ ತಡ, ಡ್ರೈವರಿನ ತಡ ಎಲ್ಲ ಸೇರಿ ಲೂಪ್ ತೂಗಾಡದಂತೆ ಕಾಯುವ ಫೇಸ್ ಮಾರ್ಜಿನ್ ತಿಂದು ಹಾಕುತ್ತವೆ.

ಆದ್ದರಿಂದ ಹಳೆಯದಕ್ಕೆ ಮರಳಬೇಕೆಂದಲ್ಲ. ಹಳೆಯ ಬೋರ್ಡಿನಲ್ಲಿ 8ರಿಂದ 32 ವೋಲ್ಟಿಗೆ ಗೇನ್ 2.6 ಪಟ್ಟು ಬದಲಾಗುತ್ತಿತ್ತು. ಅದು ಅದೃಷ್ಟದ ಮೇಲೆ ಬದುಕಿದ್ದ ಬೋರ್ಡು. ರ‍್ಯಾಂಪ್ ನೇರ ಇರಬೇಕೇ ಎಂಬ ಪ್ರಶ್ನೆಗಿಂತ ಮುಂಚೆ ಕೇಳಬೇಕಾದ ಪ್ರಶ್ನೆ, ಅದರ ಏರುವ ವೇಗ ಯಾವುದರ ಜೊತೆ ಬದಲಾಗಬೇಕು ಎಂಬುದು. ಗೇನ್ ಇನ್‌ಪುಟ್ ವೋಲ್ಟೇಜಿನೊಂದಿಗೆ ಏರುವುದಾದರೆ ರ‍್ಯಾಂಪಿನ ವೇಗವೂ ಇನ್‌ಪುಟ್ ವೋಲ್ಟೇಜಿನೊಂದಿಗೇ ಏರಲಿ. ಆಗ ಗುಣಲಬ್ಧ ಕದಲುವುದಿಲ್ಲ. ಫೀಡ್‌ಫಾರ್ವರ್ಡ್ ಎಂದು ಕರೆಯುವ ಈ ಉಪಾಯ ಹಳೆಯದು, ಎಷ್ಟೋ ಕಂಟ್ರೋಲರ್ ಐಸಿಗಳ ಒಳಗೆ ಇರುತ್ತದೆ. ಇವರು ಕಳೆದುಕೊಂಡ ಐಸಿಯ ಜೊತೆ ಅದೂ ಹೋಗಿತ್ತು.

ಮೂರನೆಯ ಆವೃತ್ತಿ

ಸ್ಥಿರ ಕರೆಂಟ್ ಮೂಲವನ್ನು ತೆಗೆದು, ಕೆಪಾಸಿಟರಿಗೆ ಬ್ಯಾಟರಿಯ ಇನ್‌ಪುಟ್ಟಿನಿಂದ ನೇರವಾಗಿ ಒಂದು ರೆಸಿಸ್ಟರ್ ಹಾಕಿದೆವು: 15 ಕಿಲೋಓಮ್, 680 ಪಿಕೊಫ್ಯಾರಡ್. ಟೈಮ್ ಕಾನ್‌ಸ್ಟಂಟ್ 10.2 ಮೈಕ್ರೊಸೆಕೆಂಡ್, ಅಂದರೆ ಅವಧಿಯ ಹತ್ತು ಪಟ್ಟು. ರ‍್ಯಾಂಪ್ ಇನ್‌ಪುಟ್ಟಿನ ಹತ್ತನೇ ಒಂದು ಭಾಗವನ್ನೂ ಮುಟ್ಟುವುದಿಲ್ಲವಾದ್ದರಿಂದ ಬರೀ ರೆಸಿಸ್ಟರಿನಲ್ಲೇ ಅದು ಸಾಕಷ್ಟು ನೇರವಾಗಿರುತ್ತದೆ. ತುದಿಯಲ್ಲಿ ಏರುವ ವೇಗ ಕುಗ್ಗುವುದು ಶೇಕಡಾ 9ರಷ್ಟು ಮಾತ್ರ. ನಮ್ಮ ಗುಣಲಬ್ಧ 8 ವೋಲ್ಟಿನಲ್ಲಿ 10.84, 32 ವೋಲ್ಟಿನಲ್ಲಿ 10.36. ನಾಲ್ಕು ಪಟ್ಟು ಬದಲಾಗುತ್ತಿದ್ದದ್ದು ಶೇಕಡಾ 5ರೊಳಗೆ ಬಂತು. ಟ್ರಾನ್ಸಿಸ್ಟರ್, ಎಲ್‌ಇಡಿ ಎರಡೂ ಬೋರ್ಡಿನಿಂದ ಇಳಿದವು.

ನನಗೆ ಇನ್ನೂ ಹೆಚ್ಚು ಇಷ್ಟವಾಗುವುದು ಇದರ ಇನ್ನೊಂದು ಫಲ. ನೇರ ರ‍್ಯಾಂಪಿನ ಬೋರ್ಡಿನಲ್ಲಿ ಟ್ರ್ಯಾಕ್ಟರ್ ಸ್ಟಾರ್ಟ್ ಆಗುವಾಗ ಬ್ಯಾಟರಿ 12ರಿಂದ 8 ವೋಲ್ಟಿಗೆ ಬಿದ್ದರೆ ಎರರ್ ಆಂಪ್ಲಿಫೈಯರ್ ನಿಯಂತ್ರಣ ವೋಲ್ಟೇಜನ್ನು 1.25ರಿಂದ 1.88 ವೋಲ್ಟಿಗೆ ಎತ್ತಬೇಕಿತ್ತು. ಅಷ್ಟು ಹೊತ್ತು ಔಟ್‌ಪುಟ್ ತಗ್ಗಿನಲ್ಲಿರುತ್ತದೆ. ಈಗ ಅದೇ ಸನ್ನಿವೇಶದಲ್ಲಿ ನಿಯಂತ್ರಣ ವೋಲ್ಟೇಜ್ 480 ಮಿಲಿವೋಲ್ಟಿನಿಂದ 476ಕ್ಕೆ ಸರಿದರೆ ಸಾಕು. ಬ್ಯಾಟರಿ ಕುಸಿದ ಅದೇ ಅವಧಿಯಲ್ಲಿ ರ‍್ಯಾಂಪ್ ತಾನಾಗಿ ತಗ್ಗಿ, ಪಲ್ಸ್ ತಾನಾಗಿ ಅಗಲವಾಗುತ್ತದೆ. ಲೂಪಿಗೆ ಸುದ್ದಿ ಮುಟ್ಟುವ ಮೊದಲೇ ಕೆಲಸ ಆಗಿರುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. 8 ವೋಲ್ಟಿನಲ್ಲಿ ರ‍್ಯಾಂಪ್ ಏರುವುದು ಮೈಕ್ರೊಸೆಕೆಂಡಿಗೆ 0.78 ವೋಲ್ಟ್ ಮಾತ್ರ. ಕಂಪ್ಯಾರೇಟರಿನ ಕಾಲಿನಲ್ಲಿ 10 ಮಿಲಿವೋಲ್ಟ್ ಗದ್ದಲ ಬಂದರೆ ಪಲ್ಸಿನ ಅಂಚು 13 ನ್ಯಾನೊಸೆಕೆಂಡ್ ಅಲುಗುತ್ತದೆ. 32 ವೋಲ್ಟಿನಲ್ಲಿ ಅದೇ ಗದ್ದಲಕ್ಕೆ 3 ನ್ಯಾನೊಸೆಕೆಂಡ್. 8 ವೋಲ್ಟಿನಲ್ಲಿ ಪಲ್ಸ್ 625 ನ್ಯಾನೊಸೆಕೆಂಡ್ ಅಗಲವಿರುವುದರಿಂದ ಈ ಅಲುಗಾಟ ಸಹಿಸಬಹುದಾದದ್ದು. ಆದರೆ ಗ್ರೌಂಡಿನ ವಿಷಯದಲ್ಲಿ ಸಲಿಗೆ ಇಲ್ಲ. ಹಳೆಯ ಬೋರ್ಡಿನಲ್ಲಿ ರ‍್ಯಾಂಪ್ ಕೆಪಾಸಿಟರಿನ ಗ್ರೌಂಡ್, ಸ್ವಿಚ್ಚಿನ ಕರೆಂಟ್ ಹರಿಯುವ ದಪ್ಪ ತಾಮ್ರಕ್ಕೆ ಸೇರುತ್ತಿತ್ತು. ಹೊಸದರಲ್ಲಿ ಕೆಪಾಸಿಟರ್, ರೀಸೆಟ್ ಮಾಸ್‌ಫೆಟ್ ಮತ್ತು ಕಂಪ್ಯಾರೇಟರಿನ ಗ್ರೌಂಡ್ ಕಾಲು ಮೂರನ್ನೂ ಒಂದೇ ಚಿಕ್ಕ ತಾಮ್ರದ ತುಂಡಿನ ಮೇಲೆ ಕೂರಿಸಿ, ಅದನ್ನು ಒಂದೇ ಒಂದು ಕಡೆ ಮುಖ್ಯ ಗ್ರೌಂಡಿಗೆ ಸೇರಿಸಿದ್ದೇವೆ.

ಬಿ.ಸಿ.547ರ ಜಾಗಕ್ಕೆ 2ಎನ್7002 ಮಾಸ್‌ಫೆಟ್ ಬಂತು. ಮಾಸ್‌ಫೆಟ್ಟಿಗೆ ಸ್ಯಾಚುರೇಶನ್ನಿನ ಅಂಟು ಇಲ್ಲ. ಡ್ರೈನಿಗೆ 10 ಓಮ್ ಸೇರಿಸಿದರೂ 60 ನ್ಯಾನೊಸೆಕೆಂಡಿನಲ್ಲಿ ಕೆಪಾಸಿಟರ್ ಕೆಲವೇ ಮಿಲಿವೋಲ್ಟಿಗೆ ಇಳಿಯುತ್ತದೆ. ಆ 10 ಓಮ್ ಇಲ್ಲದಿದ್ದರೆ ಲಾರಿಯ ವೋಲ್ಟೇಜಿನಲ್ಲಿ ಪ್ರತಿ ರೀಸೆಟ್ಟಿಗೂ ಅರ್ಧ ಆಂಪಿಯರಿಗಿಂತ ಹೆಚ್ಚಿನ ಚುಚ್ಚು ಕರೆಂಟ್ ಗ್ರೌಂಡನ್ನು ಅಲುಗಿಸುತ್ತದೆ. ಮಾಸ್‌ಫೆಟ್ಟಿಗೆ ತನ್ನದೇ ಒಂದು ಚಾಳಿ ಇದೆ. ಗೇಟ್ 5 ವೋಲ್ಟಿನಿಂದ ಸೊನ್ನೆಗೆ ಬೀಳುವಾಗ ಗೇಟ್ ಮತ್ತು ಡ್ರೈನ್ ನಡುವಿನ ನಾಲ್ಕೈದು ಪಿಕೊಫ್ಯಾರಡ್ ಮೂಲಕ ರ‍್ಯಾಂಪನ್ನೂ ಸೊನ್ನೆಯ ಕೆಳಕ್ಕೆ ಎಳೆಯುತ್ತದೆ. 330 ಪಿಕೊಫ್ಯಾರಡಿನಲ್ಲಿ ಆ ಗುಂಡಿ 60 ಮಿಲಿವೋಲ್ಟಿನಷ್ಟಾಗುತ್ತಿತ್ತು. ನಿಯಂತ್ರಣ ವೋಲ್ಟೇಜೇ 480 ಇರುವಾಗ ಅದು ಎಂಟನೇ ಒಂದು ಭಾಗ. ಕೆಪಾಸಿಟರನ್ನು 680ಕ್ಕೆ ಏರಿಸಿದ್ದು ಇದಕ್ಕಾಗಿಯೇ, ಗುಂಡಿ ಅರ್ಧಕ್ಕೆ ಇಳಿಯಿತು. ವೋಲ್ಟೇಜಿನೊಂದಿಗೆ ಬದಲಾಗುವ ಮಾಸ್‌ಫೆಟ್ಟಿನ ಸ್ವಂತ ಕೆಪಾಸಿಟನ್ಸ್ ರ‍್ಯಾಂಪನ್ನು ಬಾಗಿಸುವುದೂ ಅಷ್ಟರಮಟ್ಟಿಗೆ ಕಡಿಮೆಯಾಯಿತು.

ಆಪ್-ಆಂಪಿನ ಇಂಟಿಗ್ರೇಟರ್ ಯಾಕೆ ಬೇಡ ಎಂದು ಎಂಜಿನಿಯರ್ ಕೇಳಿದರು. ಕಾಲೇಜಿನ ಪ್ರಯೋಗಾಲಯದಲ್ಲಿ ಎಲ್ಲರೂ ರ‍್ಯಾಂಪನ್ನು ಹಾಗೆಯೇ ಮಾಡಿರುತ್ತಾರೆ. 3 ವೋಲ್ಟಿನ ರ‍್ಯಾಂಪನ್ನು 60 ನ್ಯಾನೊಸೆಕೆಂಡಿನಲ್ಲಿ ಇಳಿಸಲು ಮೈಕ್ರೊಸೆಕೆಂಡಿಗೆ 50 ವೋಲ್ಟ್ ವೇಗ ಬೇಕು. ಟಿಎಲ್072 ಕೊಡುವುದು 13ರ ಸುತ್ತ. ಪ್ರಯೋಗಾಲಯದ 741 ಕೊಡುವುದು ಅರ್ಧ ವೋಲ್ಟ್. ಅದು ಇಳಿಯುವುದಿರಲಿ, ಈ ರ‍್ಯಾಂಪನ್ನು ಏರಲೂ ಆರದು.

ಇನ್ನೆರಡು ಬದಲಾವಣೆಗಳು ಉಳಿದವು. ಸ್ವಿಚ್ಚನ್ನು ಆನ್ ಮಾಡಿ ಹಾಗೇ ಹಿಡಿದಿಡುವ ಲ್ಯಾಚ್ ಈಗ ರೀಸೆಟ್ ಪಲ್ಸಿನ ಆರಂಭಕ್ಕಲ್ಲ, ಕೊನೆಗೆ ಸೆಟ್ ಆಗುತ್ತದೆ. ಇದರಿಂದ ಗರಿಷ್ಠ ಡ್ಯೂಟಿ 0.94ಕ್ಕೆ ನಿಲ್ಲುತ್ತದೆ, ನಮಗೆ ಬೇಕಾದದ್ದು 0.625, ಮೇಲ್ಗಡೆ ಜಾಗ ಧಾರಾಳ. ಬದಲಿಗೆ ಕೆಳಗಡೆ, ಜಾಗ ಇಲ್ಲದ ಕಡೆ, 60 ನ್ಯಾನೊಸೆಕೆಂಡ್ ಲಾಭ. ಎರಡನೆಯದು ಕಾಂಪೆನ್ಸೇಶನ್. ಗುಣಲಬ್ಧ 12 ವೋಲ್ಟಿನ ಹಳೆಯ 4ರಿಂದ 10.6ರ ಸುತ್ತಕ್ಕೆ ಏರಿದ್ದರಿಂದ ಆಂಪ್ಲಿಫೈಯರಿನ ಗೇನನ್ನು ಅಷ್ಟೇ ಇಳಿಸಬೇಕಾಯಿತು. ಫೀಡ್‌ಬ್ಯಾಕಿನ 27 ಕಿಲೋಓಮ್ 10 ಆಯಿತು, 1 ನ್ಯಾನೊಫ್ಯಾರಡ್ 2.7 ಆಯಿತು, 10 ಪಿಕೊಫ್ಯಾರಡ್ 27 ಆಯಿತು. ಪೋಲು, ಜೀರೊ, ಅಂದರೆ ಆಂಪ್ಲಿಫೈಯರಿನ ಗೇನ್ ದಿಕ್ಕು ಬದಲಿಸುವ ಆವರ್ತನಗಳು, ಇದ್ದಲ್ಲೇ ಉಳಿದವು. ಈ ಹೆಜ್ಜೆ ಮರೆತು ಬರೀ ರ‍್ಯಾಂಪ್ ಬದಲಾಯಿಸಿದರೆ ಫೀಡ್‌ಫಾರ್ವರ್ಡ್ ಬೋರ್ಡು ಎಲ್ಲ ವೋಲ್ಟೇಜಿನಲ್ಲೂ ಒಂದೇ ಸಮನೆ ತೂಗಾಡುತ್ತದೆ.

ಬೋರ್ಡನ್ನು ನಂಬುವ ಮೊದಲು ಲೂಪ್ ಬಿಚ್ಚಿ, ನಿಯಂತ್ರಣ ವೋಲ್ಟೇಜಿನ ಜಾಗಕ್ಕೆ ಒಂದು ಪ್ರಿಸೆಟ್ (ತಿರುಗಿಸಿ ಬದಲಾಯಿಸುವ ರೆಸಿಸ್ಟರ್) ಹಾಕಿ, ಅದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಡ್ಯೂಟಿಯನ್ನು ಬರೆದುಕೊಂಡೆವು. ಮಾಡ್ಯುಲೇಟರಿನ ಗೇನ್ ಅಳೆಯಲು ಇದಕ್ಕಿಂತ ನೇರವಾದ ದಾರಿ ಇಲ್ಲ, ಆಸಿಲೋಸ್ಕೋಪೊಂದೇ ಸಾಕು. ಲೆಕ್ಕಕ್ಕೂ ಅಳತೆಗೂ ಹೊಂದಾಣಿಕೆ ಬಂದ ಮೇಲೆ ಲೂಪ್ ಮುಚ್ಚಿ ಲೋಡ್ ಬಡಿಸಿದಾಗ 8, 12, 28, 32 ವೋಲ್ಟುಗಳಲ್ಲಿ ಔಟ್‌ಪುಟ್ಟಿನ ಚಿತ್ರಗಳು ಒಂದರ ಮೇಲೊಂದು ಕೂತವು. ಲಾರಿಯ ಇನ್‌ಪುಟ್ಟಿನಲ್ಲಿ ಬರುವ ಸರ್ಜ್ ವೋಲ್ಟೇಜು ಈಗ 15 ಕಿಲೋಓಮ್ ಮೂಲಕ ರ‍್ಯಾಂಪಿಗೂ ತಲುಪುವುದರಿಂದ ಕಂಪ್ಯಾರೇಟರಿನ ಕಾಲಿನಿಂದ 5 ವೋಲ್ಟಿಗೆ ಒಂದು 1ಎನ್4148 ಹಾಕಿದ್ದೇವೆ. ಝೀನರ್ ಹಾಕದಿರಲು ಕಾರಣ ಅದರ ಕೆಪಾಸಿಟನ್ಸ್ ದೊಡ್ಡದು, ವೋಲ್ಟೇಜಿನೊಂದಿಗೆ ಬದಲಾಗುವಂಥದ್ದು.

ಲಾರಿಗಳಿಗೆ ಮೂರನೆಯ ಆವೃತ್ತಿ ಹೋದ ಮೇಲೆ ರೀಸೆಟ್ಟಿನ ದೂರು ನಿಂತಿದೆ.

ಎಂಜಿನಿಯರ್ ಕಟ್ಟಿದ್ದ ಸ್ಥಿರ ಕರೆಂಟ್ ಮೂಲ ವ್ಯರ್ಥವಾಗಲಿಲ್ಲ. ಅದೇ ಘಟಕ ಎಲ್‌ಇಡಿ ದೀಪಗಳಿಗೆ ವೋಲ್ಟೇಜನ್ನು ಏರಿಸುವ ಒಂದು ಬೂಸ್ಟ್ ಬೋರ್ಡು ಮಾಡುತ್ತದೆ, ಅದು ಕರೆಂಟ್ ಮೋಡಿನದು, ಅಂದರೆ ಕಾಯಿಲಿನ ಕರೆಂಟ್ ನಿಗದಿತ ಮಟ್ಟ ಮುಟ್ಟಿದಾಗ ಸ್ವಿಚ್ ಆಫ್ ಆಗುತ್ತದೆ. ಡ್ಯೂಟಿ ಅರ್ಧ ದಾಟಿದಾಗ ಅಲ್ಲಿ ಪಲ್ಸುಗಳು ಒಂದು ಅಗಲ, ಒಂದು ಕಿರಿದು ಆಗದಿರಲು ಸ್ಲೋಪ್ ಕಾಂಪೆನ್ಸೇಶನ್, ಅಂದರೆ ಆ ಕರೆಂಟಿನ ಅಳತೆಗೆ ಸೇರಿಸುವ ಒಂದು ರ‍್ಯಾಂಪ್, ಬೇಕು. ಕಾಯಿಲಿನ ಕರೆಂಟ್ ಇಳಿಯುವ ವೇಗದ ಅರ್ಧವಾದರೂ ಏರುವ ವೇಗ ಆ ರ‍್ಯಾಂಪಿಗೆ ಇರಬೇಕು. ಎಕ್ಸ್‌ಪೊನೆನ್ಶಿಯಲ್ ರ‍್ಯಾಂಪ್ ಅಲ್ಲಿ ಕೈಕೊಡುತ್ತದೆ, ಏಕೆಂದರೆ ಡ್ಯೂಟಿ ಹೆಚ್ಚಿದಂತೆ, ಅಂದರೆ ಅಗತ್ಯ ಹೆಚ್ಚಿದಂತೆ, ಅದರ ವೇಗ ಕುಗ್ಗುತ್ತದೆ. ಅಲ್ಲಿ ಬೇಕಾದದ್ದು ನಿಜವಾಗಿಯೂ ನೇರವಾದ, ತಾಪಕ್ಕೆ ಕದಲದ ರ‍್ಯಾಂಪ್. ಕೆಂಪು ಎಲ್‌ಇಡಿಯ ಆ ಕರೆಂಟ್ ಮೂಲ, ರೀಸೆಟ್ಟಿಗೆ ಮಾಸ್‌ಫೆಟ್ ಸಮೇತ, ಈಗ ಆ ಬೋರ್ಡಿನಲ್ಲಿದೆ.